ಗಾಳೆವ್ವನ ಎಲೆ

ಹೊಳೆಯ ದಂಡೆಗೆ ಒಂದು ಮಠವಿತ್ತು. ಯಾವ ಹೊಳೆ, ಯಾವ ಮಠ ಅಂತ ಕೇಳಬೇಡಿ. ಹೊಳೆಯಲ್ಲಿ ನೀರಿತ್ತು, ಮಠದಲ್ಲಿ ಬಂದವರಿಗೆ ಊಟವಿತ್ತು, ಅಷ್ಟು ಸಾಕು.

ಅಲ್ಲಿ ಒಬ್ಬರು ಗುರು, ಅವರಿಗೆ ಕೆಲವರು ಶಿಷ್ಯರು. ಶಿಷ್ಯರಲ್ಲಿ ರೇವಣ ಎಂಬುವನು ಓದಿನಲ್ಲಿ ಎಲ್ಲರಿಗಿಂತ ಮುಂದೆ. ಓದಿದ್ದನ್ನು ಇನ್ನೊಬ್ಬರಿಗೆ ಹೇಳದೇ ಹೋದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಮಧ್ಯಾಹ್ನದ ಪಂಕ್ತಿಯಲ್ಲಿ ಬಡಿಸುವ ಕೆಲಸ ಅವನದು.

ಆ ಪಂಕ್ತಿಗೆ ದುರುಗಪ್ಪ ಎಂಬ ಮುದುಕ ದಿನಾ ಬರುತ್ತಿದ್ದ. ಊರೂರು ತಿರುಗಿ ಸವೆದ ಬೀಸುಕಲ್ಲು ಕುಟ್ಟಿಕೊಡುತ್ತಿದ್ದವನು. ಅವನು ಕಲ್ಲು ಕುಟ್ಟುತ್ತಿದ್ದರೆ ಹೆಂಡತಿ ಗಾಳೆವ್ವ ಓಣಿ ಓಣಿ ಕೂಗಿ ಮುಂದಿನ ಮನೆಯ ಕೆಲಸ ಹಿಡಿಯುತ್ತಿದ್ದಳು. ಮಕ್ಕಳಿರಲಿಲ್ಲ. ಆಕೆ ತೀರಿಕೊಂಡ ಮೇಲೆ ಮುದುಕ ತಿರುಗಾಟ ಬಿಟ್ಟ. ಮಠದ ಮೆಟ್ಟಿಲ ಪಕ್ಕ ಒಂದು ಗುಡಿಸಲು ಹಾಕಿಕೊಂಡು ಅಲ್ಲೇ ಉಳಿದ.

ಪಂಕ್ತಿಯಲ್ಲಿ ಅವನದೊಂದು ರೂಢಿ. ತನ್ನ ಎಡಕ್ಕೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಅಲ್ಲಿ ಇನ್ನೊಂದು ಮುತ್ತುಗದ ಎಲೆ ಹಾಸುತ್ತಿದ್ದ.

“ಇದಕ್ಕೂ ಬಡಸ್ರಿ ಸ್ವಾಮೇರ. ನಮ್ಮಾಕಿಗೆ.”

ಬಡಿಸಿದ ಮೇಲೆ ಆ ಎಲೆಯ ಕಡೆ ವಾಲಿ ಮೆಲ್ಲಗೆ ಏನಾದರೂ ಹೇಳುತ್ತಿದ್ದ. “ಇವತ್ತು ಸಾರು ಖಾರ ಐತಿ, ನೋಡಿಕೊಂಡು ಉಣ್ಣು.” ಇನ್ನೊಂದು ದಿನ, “ನಿನ್ನ ಮೊಣಕಾಲು ಹೆಂಗೈತಿ?” ಅಷ್ಟು ಹೇಳಿಯೇ ತಾನು ಮೊದಲ ತುತ್ತು ಎತ್ತುತ್ತಿದ್ದ. ಊಟವಾದ ಮೇಲೆ ಆ ಎಲೆಯ ಅನ್ನವನ್ನು ಹೊಳೆಯ ಮೀನಿಗೆ ಹಾಕಿ ಕೈ ತೊಳೆಯುತ್ತಿದ್ದ. ಒಂದಗುಳೂ ದಂಡವಾಗುತ್ತಿರಲಿಲ್ಲ, ಯಾರಿಗೂ ತೊಂದರೆಯಿರಲಿಲ್ಲ.

ತೊಂದರೆಯೆಲ್ಲ ರೇವಣನಿಗೆ. ಆ ಎಲೆಗೆ ಬಡಿಸುವಾಗ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಒಂದು ದಿನ ಗುರುಗಳನ್ನು ಕೇಳಿಯೇಬಿಟ್ಟ.

“ಗುರುಗಳೇ, ಸತ್ತವರು ಬಯಲಲ್ಲಿ ಬಯಲಾಗುತ್ತಾರೆ ಎಂದು ನೀವೇ ಹೇಳಿಕೊಟ್ಟಿದ್ದೀರಿ. ಅವರಿಗೆ ಹಸಿವಿಲ್ಲ, ಬಾಯಾರಿಕೆಯಿಲ್ಲ. ಸತ್ತವರಿಗೆ ಎಡೆ ಇಡುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲವಲ್ಲ?”

“ಇಲ್ಲ.”

“ಮತ್ತೆ ದುರುಗಪ್ಪ ಇಡುತ್ತಾನೆ?”

“ಅವನಲ್ಲಿ ಇದೆ.”

“ತಿಳಿಯದೆ ಮಾಡುತ್ತಾನೆ, ಪಾಪ. ತಿಳಿದವರು ಹೇಳಬಾರದೇ?”

ಗುರುಗಳು ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಸಾರು ಆರಿಹೋಗುತ್ತದೆ. ಹೋಗಿ ಬಡಿಸು.”

ಇಷ್ಟಕ್ಕೆ ಬಿಟ್ಟಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಇರಲಿಲ್ಲ. ಆದರೆ ರೇವಣ ಬಿಡುವ ಪೈಕಿಯಲ್ಲ.

ಮರುದಿನ ಎಲ್ಲರಿಗೂ ಬಡಿಸಿ ಮುಗಿಸಿ, ಸೌಟು ಬದಿಗಿಟ್ಟು, ದುರುಗಪ್ಪನ ಎದುರು ಕುಕ್ಕರಗಾಲಲ್ಲಿ ಕೂತ. ಬೈಯಲಿಲ್ಲ, ಗದರಲಿಲ್ಲ. ಪ್ರೀತಿಯಿಂದಲೇ ಹೇಳಿದ. ಅದೇ ಕೆಟ್ಟದ್ದಾಯಿತು ನೋಡಿ. ಬೈದಿದ್ದರೆ ಮುದುಕ ತಿರುಗಿ ನಾಲ್ಕು ಬೈಯುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು.

“ಅಜ್ಜಾ, ಗಾಳೆವ್ವ ಈಗ ಎಲ್ಲಿದ್ದಾಳೆ?”

“ಇಲ್ಲೇ ಕುಂತಾಳಲ್ಲರೀ.”

“ಈ ಎಲೆಯ ಅನ್ನ ಯಾವತ್ತಾದರೂ ಒಂದು ತುತ್ತು ಕಡಿಮೆಯಾಗಿದ್ದು ಉಂಟೇ?”

ಮುದುಕ ಎಲೆಯ ಕಡೆ ನೋಡಿದ.

“ಇಲ್ಲರೀ.”

“ನೀನು ಇಷ್ಟೆಲ್ಲ ಮಾತಾಡಿಸುತ್ತೀಯಲ್ಲ, ಆಕೆ ಒಂದು ದಿನವಾದರೂ ಮಾತಾಡಿದ್ದಾಳೆಯೇ?”

ಮುದುಕನ ಮುಖ ಸಣ್ಣದಾಯಿತು.

“ಇಲ್ಲರೀ.”

“ಯಾಕೆಂದರೆ ಅಲ್ಲಿ ಯಾರೂ ಇಲ್ಲ ಅಜ್ಜಾ. ಆಕೆ ಬಯಲಾದಳು. ನೀನು ಬರಿ ಎಲೆಯ ಜೊತೆ ಮಾತಾಡುತ್ತಿದ್ದೀಯ. ಈ ಭ್ರಮೆ ಬಿಡು, ಮನಸ್ಸು ಹಗುರಾಗುತ್ತದೆ.”

ಪಂಕ್ತಿಯಲ್ಲಿದ್ದವರು ಉಣ್ಣುವುದು ಬಿಟ್ಟು ಇವರನ್ನೇ ನೋಡುತ್ತಿದ್ದರು. ದುರುಗಪ್ಪ ಎಡಗಡೆಯ ಎಲೆಯ ಅಂಚನ್ನು ಬೆರಳಿನಿಂದ ಸವರಿದ.

“ಓದಿದವರು ನೀವು. ನೀವು ಅಂತೀರಂದ್ರ ಖರೇನ ಇರಬೇಕು.”

ಎಡಗಡೆಯ ಎಲೆಯನ್ನು ತಾನೇ ಮಡಿಚಿದ. ತನ್ನ ಎಲೆಯ ಅನ್ನ ಕಲಸಿದ, ಮತ್ತೆ ಕಲಸಿದ, ಬಾಯಿಗಿಡದೆ ಎದ್ದುಹೋದ.

ರೇವಣ ಉಬ್ಬಿಹೋಗಿದ್ದ. ಪಾತ್ರೆ ತೊಳೆಯುವುದನ್ನೂ ಮರೆತು ಗುರುಗಳ ಹತ್ತಿರ ಓಡಿದ.

“ಇವತ್ತು ಒಬ್ಬರ ಅಜ್ಞಾನ ತೆಗೆದೆ ಗುರುಗಳೇ.”

“ತೆಗೆದ ಜಾಗಕ್ಕೆ ಏನಿಟ್ಟೆ?”

“ಸತ್ಯ ಇಟ್ಟೆ.”

“ಉಂಡನೇ?”



“ಇವತ್ತು... ಇವತ್ತು ಅವನಿಗೆ ಹಸಿವಿರಲಿಲ್ಲವೇನೋ.”

ಗುರುಗಳು ಹೊಳೆಯ ಕಡೆ ನೋಡಿದರು. ಮೋಡ ಕಟ್ಟಿತ್ತು.

“ಈ ಮಳೆಗಾಲಕ್ಕೆ ಗದ್ದುಗೆಗೆ ನೀನು ಹೋಗು” ಎಂದರು.

ಹೊಳೆಯ ನಡುಗಡ್ಡೆಯ ಮೇಲೆ ಹಿಂದಿನ ಗುರುಗಳ ಗದ್ದುಗೆ ಇತ್ತು. ಅವರನ್ನು ಸಮಾಧಿ ಮಾಡಿದ ಜಾಗ. ಅಲ್ಲಿ ದಿನಾ ಸಂಜೆ ದೀಪ ಹಚ್ಚಬೇಕು. ಬೇರೆ ಕಾಲದಲ್ಲಿ ಯಾರಾದರೂ ಹರಿಗೋಲಿನಲ್ಲಿ ಹೋಗಿ ಹಚ್ಚಿ ಬರುತ್ತಿದ್ದರು. ಹೊಳೆ ತುಂಬಿದರೆ ಹರಿಗೋಲು ಹಾಕುವ ಮಾತೇ ಇಲ್ಲ. ಅದಕ್ಕೆ, ಮಳೆಗಾಲ ಮುಗಿಯುವ ತನಕ ಒಬ್ಬರು ಕಾಳುಕಡಿ, ಎಣ್ಣೆ, ಎಲೆಯ ಕಟ್ಟು ತೆಗೆದುಕೊಂಡು ಹೋಗಿ ಅಲ್ಲೇ ಉಳಿಯಬೇಕು. ನೀರು ಇಳಿಯುವವರೆಗೆ ಯಾರೂ ಬರುವುದಿಲ್ಲ, ಹೋಗುವುದಿಲ್ಲ.

ರೇವಣ ಹಿಗ್ಗಿದ. ಓದಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ!

ಮೊದಮೊದಲು ಓದಿದ್ದೇ ಓದಿದ್ದು. ಜೋರಾಗಿ ಹಾಡಿದ್ದೇ ಹಾಡಿದ್ದು. ಅಷ್ಟರಲ್ಲಿ ಕೆಂಪು ನೀರು ಏರಿತು. ಆಚೆ ದಂಡೆ ಕಾಣುತ್ತಿತ್ತು, ಮಠದ ಅಡುಗೆಮನೆಯ ಹೊಗೆ ಕಾಣುತ್ತಿತ್ತು. ಮೆಟ್ಟಿಲಿನ ಮೇಲೆ ಜನ ಇರುವೆಗಳ ಹಾಗೆ ಓಡಾಡುತ್ತಿದ್ದರು. ರೇವಣ ಕೈ ಬೀಸಿದ. ಯಾರೂ ನೋಡಲಿಲ್ಲ.

ಆಮೇಲಾಮೇಲೆ ಓದುವುದು ಕಡಿಮೆಯಾಯಿತು. ಓದಿ ಯಾರಿಗೆ ಹೇಳುವುದು? ಒಂದು ಮಾತಿನ ಅರ್ಥ ಫಕ್ಕನೆ ಹೊಳೆದು, “ನೋಡಿದಿರಾ!” ಎಂದು ತಿರುಗುತ್ತಿದ್ದ. ಹಿಂದೆ ಗೋಡೆ ಇರುತ್ತಿತ್ತು.

ಒಂದು ದಿನ ಕೆಮ್ಮಿದ. ಯಾರೋ ಬಂದರು ಎಂದುಕೊಂಡು ಬಾಗಿಲಿಗೆ ಹೋಗಿ ನೋಡಿದ. ತನ್ನದೇ ಕೆಮ್ಮು.

ಏಕಾಂತದ ಬಗ್ಗೆ ಅವನು ಬೇಕಾದಷ್ಟು ಓದಿದ್ದ. ಎಲ್ಲ ಒಳ್ಳೆಯ ಮಾತುಗಳೇ. ಆದರೆ ಬರೆದವರು ಯಾರೂ ಇದನ್ನು ಹೇಳಿರಲಿಲ್ಲ, ಅನ್ನದ ಮುಂದೆ ಒಬ್ಬನೇ ಕೂತರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಅಂತ. ಅಡುಗೆ ಕೆಟ್ಟಿರಲಿಲ್ಲ. ಕೆಟ್ಟಿದೆ ಎನ್ನುವುದಕ್ಕೂ ಒಬ್ಬರಿಲ್ಲವಲ್ಲ, ಅದನ್ನು ತಡೆದುಕೊಳ್ಳಲಾಗುತ್ತಿರಲಿಲ್ಲ. ಎರಡು ತುತ್ತಿಗೆ ಕೈ ತೊಳೆದು ಏಳುತ್ತಿದ್ದ. ಮೈ ಇಳಿಯಿತು. ಇಲ್ಲಿ ಸತ್ತರೂ ನೀರು ಇಳಿಯುವ ತನಕ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂದು ಕೂತರೆ ಏಳುತ್ತಿರಲಿಲ್ಲ.

ಮಳೆ ಬಿಟ್ಟು ಹೊಳವಾದ ಒಂದು ಮಧ್ಯಾಹ್ನ ನವಣೆ ಅನ್ನ, ಸಾರು ಮಾಡಿದ. ಎಲೆ ಹಾಕಿದ, ಬಡಿಸಿದ.

“ಗುರುಗಳೇ, ಉಪ್ಪು ಒಂದು ಕಲ್ಲು ಹೆಚ್ಚಾಗಿದೆ. ಇವತ್ತೊಂದಿನ ಸುಧಾರಿಸಿಕೊಳ್ಳಿ.”

ಹೇಳಿದ ಮೇಲೆ ತನ್ನ ದನಿ ತನ್ನ ಕಿವಿಗೆ ಬಿತ್ತು. ತಗ್ಗಿ ನೋಡಿದ. ಎರಡು ಎಲೆ ಹಾಸಿದ್ದ, ಎರಡಕ್ಕೂ ಬಡಿಸಿದ್ದ.

ಎತ್ತಿಡಬೇಕೆಂದು ಕೈ ಚಾಚಿದ. ಕೈ ಮುಂದೆ ಹೋಗಲಿಲ್ಲ. ಹಾಗೇ ಇರಲಿ ಎಂದು ತನ್ನ ಎಲೆಯ ಮುಂದೆ ಕೂತ. ಎಷ್ಟೋ ದಿನಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡ. ನಡುನಡುವೆ ಗುರುಗಳಿಗೆ ಅದೂ ಇದೂ ಹೇಳಿದ, ನೀರು ಎಷ್ಟು ಏರಿದೆ, ಮಾಡು ಎಲ್ಲಿ ಸೋರುತ್ತದೆ, ಇಂಥದೇ.

ಊಟ ಮುಗಿದ ಮೇಲೆ ಇನ್ನೊಂದು ಎಲೆಯನ್ನು ನೋಡಿದ. ಒಂದು ತುತ್ತೂ ಕಡಿಮೆಯಾಗಿರಲಿಲ್ಲ.

ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಎದುರು ಯಾರೂ ಇಲ್ಲ ಎಂದೂ ಗೊತ್ತಿತ್ತು. ಗೊತ್ತಿದ್ದೂ ಬಡಿಸಿದ್ದ, ಗೊತ್ತಿದ್ದೂ ಮಾತಾಡಿದ್ದ.

ಹಾಗಾದರೆ ಆ ಮುದುಕನಿಗೂ ಗೊತ್ತಿತ್ತು.

“ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ!” ಎಂದು ರೇವಣ ಎಂಜಲು ಕೈಯಲ್ಲೇ ಕೂತು ಅತ್ತ. ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಸಮಾಧಾನ ಮಾಡುವವರು ಯಾರೂ ಇರಲಿಲ್ಲ, ತಾನಾಗಿ ನಿಲ್ಲುವ ತನಕ ಅಳಬೇಕಾಯಿತು.

ಸಂಜೆ ಗದ್ದುಗೆಗೆ ದೀಪ ಹಚ್ಚುವಾಗ ಬತ್ತಿ ಹಿಡಿದ ಕೈ ನಿಂತಿತು. ಬಯಲಾದವರಿಗೆ ಬೆಳಕು ಯಾಕೆ? ಇಷ್ಟು ವರ್ಷ ಹಚ್ಚಿದ್ದ, ಒಂದು ದಿನವೂ ಕೇಳಿಕೊಂಡಿರಲಿಲ್ಲ. ಇದು ನಮ್ಮ ಪದ್ಧತಿಯಲ್ಲವೇ, ನಮ್ಮದನ್ನು ಕೇಳುವುದಾದರೂ ಯಾಕೆ! ರೇವಣನಿಗೆ ತನ್ನ ಮೇಲೇ ಸಿಟ್ಟು ಬಂತು. ಆದರೂ ದೀಪ ಹಚ್ಚಿದ.

ಮರುದಿನ ನೀರಿನ ಅಂಚಿಗೆ ಹೋಗಿ ನಿಂತು ಕೂಗಿದ.

“ದುರುಗಪ್ಪಜ್ಜಾ! ಎಲೆ ಹಾಸಜ್ಜಾ! ನಾನು ಹೇಳಿದ್ದು ಕೇಳಬೇಡ!”

ಹೊಳೆಯ ಮೊರೆತಕ್ಕೆ ಅವನ ಕೂಗು ಹತ್ತು ಮಾರು ದೂರವೂ ಹೋಗಲಿಲ್ಲ. ಆದರೂ ದಿನಾ ಹೋಗಿ ಕೂಗುತ್ತಿದ್ದ. ದನಿ ಒಡೆದು ಗಂಟಲು ಕಟ್ಟಿತು.

ಕೊನೆಗೊಮ್ಮೆ ನೀರು ಇಳಿಯಿತು, ಹರಿಗೋಲು ಬಂತು. ರೇವಣ ಹರಿಗೋಲಿನಿಂದ ಹಾರಿಕೊಂಡು ಪಂಕ್ತಿಯ ಮನೆಗೆ ಓಡಿದ. ದುರುಗಪ್ಪ ಕೂರುವ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಗುರುಗಳ ಹತ್ತಿರ ಹೋಗಿ ಕಾಲಿಗೆ ಬಿದ್ದ.

“ಅಲ್ಲಿ ನಿಮಗೂ ಎಲೆ ಹಾಸಿದೆ ಗುರುಗಳೇ. ನೀವು ಬಂದಿದ್ದಿರಿ.”

“ನಾನು ಇಲ್ಲೇ ಇದ್ದೆನಲ್ಲೋ. ಜ್ವರ ಬಂದು ಗಂಜಿ ಕುಡಿಯುತ್ತ ಬಿದ್ದಿದ್ದೆ.”

“ಗೊತ್ತು. ಆದರೂ ಬಂದಿದ್ದಿರಿ.”

“ಏನು ಬಡಿಸಿದೆ?”

“ನವಣೆ ಅನ್ನ, ಸಾರು. ಉಪ್ಪು ಹೆಚ್ಚಾಗಿತ್ತು.”

“ನಿನ್ನ ಕೈಯಲ್ಲಿ ಅದು ಯಾವತ್ತು ಸರಿಯಾಗಿತ್ತು?” ಎಂದು ಗುರುಗಳು ನಕ್ಕರು. ರೇವಣ ನಗಲಿಲ್ಲ.

“ದುರುಗಪ್ಪ ಇದ್ದಾನೆಯೇ?”

“ಇದ್ದಾನೆ. ನೀನು ಹೋದ ಮೇಲೆ ಪಂಕ್ತಿಗೆ ಬರಲಿಲ್ಲ. ಊಟ ಗುಡಿಸಲಿಗೇ ಕಳಿಸುತ್ತೇನೆ. ಒಂದೆರಡು ತುತ್ತು ಬಿಟ್ಟರೆ ಕಳಿಸಿದ್ದು ಹಾಗೇ ವಾಪಸು ಬರುತ್ತದೆ.”

ರೇವಣ ಅನ್ನ, ಸಾರು ತುಂಬಿಕೊಂಡು, ಎರಡು ಎಲೆ ಹಿಡಿದು ಗುಡಿಸಲಿಗೆ ಹೋದ. ಮುದುಕ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಗುಳಿ ಬಿದ್ದಿದ್ದವು.

“ಅಜ್ಜಾ, ನಾನು ರೇವಣ.”

“ಗೊತ್ತಾತು ಬರ್ರಿ. ಭಾಳ ಸೊರಗೀರಿ ಸ್ವಾಮೇರ. ಅಲ್ಲಿ ಒಬ್ಬರ ಇರೂದು ಸುಮ್ನ ಅಲ್ಲ.”

ರೇವಣ ಮುದುಕನ ಮುಂದೆ ಒಂದು ಎಲೆ ಹಾಸಿದ, ಅವನ ಎಡಕ್ಕೆ ಇನ್ನೊಂದು ಹಾಸಿದ, ಎರಡಕ್ಕೂ ಬಡಿಸಿದ.

“ಇದು ಯಾರಿಗ್ರೀ?”

“ಗಾಳೆವ್ವನಿಗೆ.”

“ಆಕಿ ಬರೂದಿಲ್ಲರೀ ಈಗ.”

“ಅವತ್ತು ನಾನು ಆಡಿದ ಮಾತು ತಪ್ಪು ಅಜ್ಜಾ. ಬುದ್ಧಿಯಿಲ್ಲದೆ ಆಡಿದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.”

“ತಪ್ಪೇನಲ್ಲ ಬಿಡ್ರಿ. ಅಗಳು ಕಡಿಮಿ ಆಗೂದಿಲ್ಲಂತ ನನಗೂ ಗೊತ್ತಿತ್ತು. ನಾನೇನು ಹುಚ್ಚನ? ಆದ್ರ ಯಾರೂ ಬಾಯಿಬಿಟ್ಟು ಅಂದಿರಲಿಲ್ಲ. ನೀವು ಅಂದ ಮ್ಯಾಲ, ಎಲಿ ಹಾಸಿದ್ರ ಬರೇ ಎಲೀನ ಕಾಣತೈತಿ.”

“ಒಂದು ಸಲ ಮಾತಾಡಿಸಿ ನೋಡು ಅಜ್ಜಾ. ನಿನಗೆ ಕೈ ಮುಗಿಯುತ್ತೇನೆ.”

ಅವನು ಕೈ ಮುಗಿದದ್ದು ನೋಡಿ ಮುದುಕನಿಗೇ ಪಾಪ ಅನಿಸಿತು. ಅವನ ಸಮಾಧಾನಕ್ಕೆಂದು ಎಡಕ್ಕೆ ವಾಲಿದ. ಬಾಯಿ ತೆರೆದ. ಒಮ್ಮೆ ರೇವಣನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

“ಆಗವಲ್ದು ಸ್ವಾಮೇರ. ನಾಚಿಕಿ ಬರತೈತಿ.”

ರೇವಣ ಅಲ್ಲಿ ಕೂರಲಾರದೆ ಎದ್ದ. ಎರಡೂ ಎಲೆಗಳನ್ನು ಹಾಗೇ ಬಿಟ್ಟು, ಕಣ್ಣು ಒರೆಸಿಕೊಳ್ಳುತ್ತ ಗುರುಗಳ ಹತ್ತಿರ ಬಂದ. ನಡೆದದ್ದನ್ನೆಲ್ಲ ಹೇಳಿದ.

“ಅವನಿಗೆ ಒಬ್ಬಳಿದ್ದಳು ಗುರುಗಳೇ. ನಾನು ಅವಳನ್ನು ಎರಡನೇ ಸಲ ಸಾಯಿಸಿದೆ.”

ಗುರುಗಳು ಅಲ್ಲ ಎನ್ನಲಿಲ್ಲ.

“ನಾನು ಅತ್ತರೂ ಆಕೆ ಬರುವುದಿಲ್ಲ, ಕಾಲಿಗೆ ಬಿದ್ದರೂ ಬರುವುದಿಲ್ಲ. ಹಾಳು ಮಾಡಿದ್ದನ್ನು ಮೊದಲಿನಂತೆ ಮಾಡುವ ದಾರಿಯೇ ಇಲ್ಲವೇ?”

“ಇಲ್ಲ.”

“ಎರಡು ಎಲೆ ಬಡಿಸಿಟ್ಟು ಬಂದಿದ್ದೇನೆ. ಒಂದನ್ನೂ ಮುಟ್ಟದೆ ಕೂತಿದ್ದಾನೆ. ಹೀಗೇ ಆದರೆ ಅವನು ಉಳಿಯುವುದಿಲ್ಲ ಗುರುಗಳೇ. ನಾನೇನು ಮಾಡಲಿ?”

“ಅವನ ಎಡಕ್ಕೆ ಯಾರು ಕೂತಿದ್ದಾರೆ?”

“ಯಾರೂ ಇಲ್ಲ. ಜಾಗ ಖಾಲಿ ಇದೆ.”

“ಖಾಲಿ ಮಾಡಿಸಿದವನು ನೀನಲ್ಲವೇ? ಇವತ್ತಿನಿಂದ ದಿನಾ ಅಲ್ಲಿ ಕೂತು ಉಣ್ಣು.”