ಮೇಜಿನ ಬಟ್ಟೆಯ ಮೇಲಿನ ಹೆಸರು

ನೇಕಾರರ ಒಂದು ಊರಿನಲ್ಲಿ ಹಳೆಯ ಚರ್ಚು ಇತ್ತು. ತೀರಿಕೊಂಡವರ ನೆನಪಿಗೆ ಮನೆಯವರು ಏನಾದರೂ ಕೊಟ್ಟು, ಅದರ ಮೇಲೆ ಹೆಸರು ಬರೆಸುವುದು ಅಲ್ಲಿನ ವಾಡಿಕೆ. ಬೆಂಚಿನ ಬೆನ್ನಿಗೆ ಒಬ್ಬರ ಹೆಸರು, ಗೋಡೆ ಗಡಿಯಾರಕ್ಕೆ ಇನ್ನೊಬ್ಬರದು, ಫ್ಯಾನಿನ ಒಂದೊಂದು ರೆಕ್ಕೆಗೂ ಒಬ್ಬೊಬ್ಬರದು.

"ನಮ್ಮ ಚರ್ಚಿನಾಗ ಫ್ಯಾನ್ ಹಾಕಿದ್ರ ಸತ್ತವರೆಲ್ಲ ಗಿರಗಿರ ತಿರಗತಾರ ನೋಡ್ರಿ," ಎಂದು ಚರ್ಚಿನ ಕಸ ಗುಡಿಸುವ ಫೇಬಕ್ಕ ನಗುತ್ತಿದ್ದಳು.

ಲೋಯಿಸಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಆಕೆಯ ಗಂಡ ಸತ್ಯಮಿತ್ರ ಮಾಸ್ತರರ ಹೆಸರು ಅಲ್ಲಿ ಎಲ್ಲಿಯೂ ಇರಲಿಲ್ಲ. ಬದುಕಿದ್ದಷ್ಟು ಕಾಲ ಮಾಸ್ತರರು ಆ ಚರ್ಚಿನಲ್ಲಿ ಹಾಡು ಎತ್ತಿಕೊಡುತ್ತಿದ್ದರು. ಮಕ್ಕಳಿರಲಿಲ್ಲ. ಅವರು ಹೋದ ಮೇಲೆ ಮನೆಯ ಒಲೆ ಒಬ್ಬಳಿಗಾಗಿಯೇ ಉರಿಯುತ್ತಿತ್ತು. ಹೊರಗೆ ನಾಲ್ಕೂ ಕಡೆ ಮಗ್ಗದ ಸದ್ದು. ಒಳಗೆ ಮಾತೇ ಇಲ್ಲ. ಸಂಜೆ ದೀಪ ಹಚ್ಚಿ ಪ್ರಾರ್ಥನೆಗೆ ಕೂತರೆ ಆಕೆಯ ಮೊದಲ ಮಾತು ಒಂದೇ: "ಸ್ವಾಮೀ, ಇವರ ಹೆಸರು ಅಳಿಸಿ ಹೋಗಬಾರದು. ನಾನೂ ಹೋದ್ರ ಇವರನ್ನ ಯಾರು ನೆನಸತಾರ?" ಕೊನೆಯ ಮಾತೂ ಅದೇ.

ಬೆಂಚು ಕೊಡುವ ಶಕ್ತಿ ಆಕೆಗಿರಲಿಲ್ಲ. ಆದರೆ ಕಸೂತಿ ಬರುತ್ತಿತ್ತು. ಈಸ್ಟರ್ ಹಬ್ಬಕ್ಕೆಂದು, ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಇಡುವ ಪ್ರಭುಭೋಜನದ ಮೇಜಿಗೆ ಬಿಳಿಯ ಬಟ್ಟೆಯೊಂದನ್ನು ಸಿದ್ಧಮಾಡಿದಳು. ಕಸೂತಿಯಲ್ಲಿ ಎಳೆ ಎಣಿಸಿ ಹೊಲಿಯಬೇಕು, ದಾರಕ್ಕೆ ಗಂಟು ಹಾಕುವಂತಿಲ್ಲ. ಇಡೀ ಚಳಿಗಾಲ ಕೂತು, ಎಲ್ಲರಿಗೂ ಎದುರಿಗೆ ಕಾಣುವಂತೆ, ನಟ್ಟನಡುವೆ ಕೆಂಪು ದಾರದಲ್ಲಿ ಗಂಡನ ಹೆಸರನ್ನು ಹೊಲಿದಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅದನ್ನು ಚರ್ಚಿಗೆ ಒಯ್ದಳು. ಚರ್ಚಿನ ಪಾದ್ರಿಗಳಾದ ಸಭಾಪಾಲಕರು ಬಟ್ಟೆಯನ್ನು ಬಿಡಿಸಿ ನೋಡಿದರು.

"ಕೆಲಸ ಭಾಳ ಚೆಂದ ಅದ ಲೋಯಿಸಮ್ಮನವರ. ಶಿಲುಬೆ ಎಲ್ಲಿ?"

"ಮೂಲ್ಯಾಗ ಸಣ್ಣದು ಹಾಕೀನ್ರಿ ಅಯ್ಯನವರ. ನಡುವ ಜಾಗ ಸಾಲಲಿಲ್ಲ."

ಸಭಾಪಾಲಕರು ಬೇಡ ಎನ್ನಲಿಲ್ಲ. "ನೀವೇ ಹಾಸ್ರಿ. ಹಾಸಿದ ಮ್ಯಾಲೆ ಅದರ ಮುಂದ ಮೊಣಕಾಲೂರಿ, ಸ್ವಾಮಿ ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಒಮ್ಮೆ ಹೇಳ್ರಿ. ಕಣ್ಣು ಮುಚ್ಚಬ್ಯಾಡ್ರಿ. ಆಮೇಲೆ ನಿಮ್ಮ ಮನಸ್ಸಿಗೆ ಬಂದ್ಹಂಗ ಮಾಡ್ರಿ," ಎಂದು ಹೊರಟುಹೋದರು.

ಖಾಲಿ ಚರ್ಚಿನಲ್ಲಿ ಲೋಯಿಸಮ್ಮ ಒಬ್ಬಳೇ ಮೊಣಕಾಲೂರಿದಳು. ಆ ಪ್ರಾರ್ಥನೆಯಲ್ಲಿ ರೊಟ್ಟಿ ಕೇಳುವುದಕ್ಕೆ ಮೊದಲು, ಕ್ಷಮೆ ಕೇಳುವುದಕ್ಕೂ ಮೊದಲು, ತಂದೆಯಾದ ದೇವರ ಹೆಸರಿಗೆ ಮಹಿಮೆ ಆಗಲೆಂದು ಬೇಡಬೇಕು. ಅಲ್ಲಿಯವರೆಗೆ ಬಂದು ಆಕೆಯ ನಾಲಿಗೆ ನಿಂತಿತು. ಬಾಯಿ ಒಂದು ಹೆಸರು ಹೇಳುತ್ತಿತ್ತು, ಕಣ್ಣು ಇನ್ನೊಂದನ್ನು ಓದುತ್ತಿತ್ತು. ಮತ್ತೆ ಮೊದಲಿನಿಂದ ಹೇಳಿದಳು. ಮತ್ತೆ ಅಲ್ಲಿಯೇ ನಿಂತಳು.

"ಇದನ್ನೂ ತಗೀ ಅಂದ್ರ ನನಗ ಏನು ಉಳೀತು, ಸ್ವಾಮೀ?" ಎಂದು ಅತ್ತಳು.

ಆಗ ಆಕೆಗೆ ಮಾಸ್ತರರ ಹಾಡು ನೆನಪಾಯಿತು. ಮೊದಲ ಸಾಲನ್ನು ಅವರು ಗಟ್ಟಿಯಾಗಿ ಎತ್ತಿಕೊಡುವರು. ಸಭೆ ಹಿಡಿದುಕೊಂಡಿತೆಂದರೆ ತಮ್ಮ ದನಿ ಇಳಿಸಿಬಿಡುವರು. "ಯಾಕ್ರೀ, ನಿಮ್ಮ ದನಿ ಕೇಳಸೂದೇ ಇಲ್ಲ," ಎಂದು ಆಕೆ ಒಮ್ಮೆ ಮುನಿದಿದ್ದಳು. "ಹಾಡು ದೇವರಿಗೆ ಮುಟ್ಟಿದ್ರ ಸಾಕಲ್ಲ? ನನ್ನ ದನಿ ಕೇಳಾಕ ನೀ ಇದ್ದೀಯಲ್ಲ," ಎಂದು ಅವರು ನಕ್ಕಿದ್ದರು.

ಲೋಯಿಸಮ್ಮ ಎದ್ದು ದಾರದ ತುದಿ ಹುಡುಕಿದಳು. ಗಂಟಿಲ್ಲದ ಹೊಲಿಗೆ, ಹೊಲಿಯುವುದಕ್ಕಿಂತ ಬೇಗ ಬಿಚ್ಚಿ ಬಂತು. ಕೊನೆಯ ಅಕ್ಷರಕ್ಕೆ ಬಂದಾಗ ಅದರ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ ಅದನ್ನೂ ಎಳೆದಳು.

ಹೂವು ಇಡಲು ಬಂದ ಫೇಬಕ್ಕ, ಆಕೆ ಹೊಲಿಯುವಾಗ ಕಂಡಿದ್ದ ಹೆಸರು ಬಟ್ಟೆಯ ಮೇಲೆ ಇಲ್ಲದ್ದು ನೋಡಿ ಬೆರಗಾದಳು. "ಅಯ್ಯ ನಮ್ಮವ್ವ! ಮಾಸ್ತರರು ಎಲ್ಲಿಗೆ ಹೋದ್ರು?"

"ಎಲ್ಲೂ ಹೋಗಿಲ್ಲವಾ. ಅದೇ ದಾರದಾಗ ಶಿಲುಬೆ ಹೊಲ್ಯಾಕತ್ತೇನಿ. ಕತ್ತಲಾಗೂದ್ರಾಗ ಮುಗಿಸಬೇಕು. ಬಾ, ಸೂಜಿ ಪೋಣಿಸಿಕೊಡು."

"ನನ್ನ ಕಣ್ಣಿಗೆ ಸೂಜಿ ಕಾಣಸ್ತದ, ಅದರ ಕಣ್ಣು ಕಾಣಸೂದಿಲ್ಲ," ಎನ್ನುತ್ತಲೇ ಫೇಬಕ್ಕ ಪಕ್ಕದಲ್ಲಿ ಕುಳಿತಳು.

ಹಬ್ಬದ ಬೆಳಿಗ್ಗೆ ಮೇಜಿನ ನಡುವೆ ಕೆಂಪು ಶಿಲುಬೆ ಇತ್ತು. ಬಟ್ಟೆ ಯಾರು ಕೊಟ್ಟರೆಂದು ಒಬ್ಬರೂ ಕೇಳಲಿಲ್ಲ. ತೀರ ಹತ್ತಿರ ಹೋದವರಿಗೆ ಶಿಲುಬೆಯ ಎರಡೂ ಕಡೆ ಸೂಜಿ ಆಡಿದ ಸಣ್ಣ ಗುರುತುಗಳು ಕಾಣುತ್ತಿದ್ದವು. ಅವನ್ನು ಓದಲು ಬರುತ್ತಿರಲಿಲ್ಲ. ಓದಬಲ್ಲವಳು ಒಬ್ಬಳೇ, ಅವಳೂ ಅಂದು ತಲೆಬಾಗಿ ಕುಳಿತಿದ್ದಳು.

ಸಂಜೆ ಮನೆಯಲ್ಲಿ ಅದೇ ಮೌನ, ಊಟಕ್ಕೆ ಅದೇ ಒಂದು ತಾಟು. ಲೋಯಿಸಮ್ಮ ದೀಪ ಹಚ್ಚಿದಳು. ಮೊದಲು ತಂದೆಯ ಹೆಸರನ್ನು ಕೊಂಡಾಡಿದಳು. ಆತನ ಚಿತ್ತ ನಡೆಯಲಿ ಎಂದಳು. ದಿನದ ರೊಟ್ಟಿಯನ್ನು ಬೇಡಿದಳು. ಎಲ್ಲ ಮುಗಿದ ಮೇಲೆ, ಕೊನೆಗೆ, "ನಮ್ಮ ಮಾಸ್ತರರು ನಿನ್ನ ಹತ್ರ ಅದಾರ. ಅವರ ಹೆಸರು ನಿನಗ ಗೊತ್ತದ," ಎಂದಳು. ಯಾರು ನೆನಸುತ್ತಾರೆ ಎಂದು ಅಂದು ಆಕೆ ಕೇಳಲಿಲ್ಲ.

ನೀತಿ: ಪ್ರಾರ್ಥನೆಯಲ್ಲಾಗಲಿ ಬದುಕಿನಲ್ಲಾಗಲಿ ನಟ್ಟನಡುವಿನ ಜಾಗ ದೇವರ ಮಹಿಮೆಗೆ ಸೇರಿದ್ದು. ನಮಗೆ ಎಷ್ಟೇ ಪ್ರಿಯವಾದ ಹೆಸರಾದರೂ ಅಲ್ಲಿ ನಿಲ್ಲಬಾರದು. ಆತನ ಹೆಸರನ್ನು ಮೊದಲು ಇಟ್ಟವರು ತಮ್ಮವರ ಹೆಸರನ್ನು ಕಳೆದುಕೊಳ್ಳುವುದಿಲ್ಲ. ಅದನ್ನು ಆತನ ಕೈಗೆ ಒಪ್ಪಿಸುತ್ತಾರೆ.