ಪಾಲಯ್ಯ ನಾಯಿಮರಿಗೆ ಕಚ್ಚೋದು ಬಿಡಿಸಿದ್ದು

ಇನ್ನೂ ಹತ್ತಿರ ಬನ್ನಿ. ಹೊಸ್ತಿಲಾಚೆ ಯಾರೂ ಕೂರಬೇಡಿ. ಕಾಲು ಒಳಗೆ ಎಳ್ಕೊಳ್ಳಿ. ಹೂಂಗುಟ್ಟೋರು ಇದ್ದರೆ ಹೇಳ್ತೀನಿ, ಇಲ್ಲದಿದ್ದರೆ ಇಲ್ಲ.

ಒಂದು ಕಲ್ಲುಗುಡ್ಡ. ಗುಡ್ಡದ ಕೆಳಗೆ ಒಂದು ಹಟ್ಟಿ. ಹಟ್ಟಿಯ ಕೊನೇ ಮನೆ ಓಬಕ್ಕನದು. ಗಂಡ ತೀರಿಹೋಗಿದ್ದ. ಇದ್ದದ್ದು ಮೂವತ್ತು ಕುರಿ, ಹನ್ನೆರಡು ಮರಿ, ಒಬ್ಬ ಮಗ. ಮಗನ ಹೆಸರು ಪಾಲಯ್ಯ. ನಿಂತರೆ ಬಾಗಿಲು ತುಂಬೋ ಆಳು. ತಲೆ ಮಾತ್ರ ಹೇಗೆ ಅಂದರೆ, ಹೇಳಿದ್ದು ಹೇಳಿದಂಗೆ ಒಳಗೆ ಹೋಗೋದು, ಹೇಳದೆ ಬಿಟ್ಟದ್ದು ಒಂದು ಕಾಳೂ ಹೋಗ್ತಿರಲಿಲ್ಲ.

"ಒಲೆ ಮೇಲೆ ಹಾಲು ಇಟ್ಟಿದ್ದೀನಿ, ನೋಡ್ಕೋ ಮಗಾ" ಅಂದಳು ಒಂದಿನ.

ನೋಡಿದ. ಹಾಲು ಉಕ್ಕೋದು ನೋಡಿದ, ಸುರಿಯೋದು ನೋಡಿದ, ಪಾತ್ರೆ ಕರಿ ಆಗೋದನ್ನೂ ನೋಡಿದ.

"ಅಯ್ಯೋ ನನ್ನ ಪೆದ್ದ ಮಗನೇ! ಇಳಿಸಬಾರದಿತ್ತಾ?"

"ನೀನೇ ಹೇಳಿದ್ದಲ್ಲವ್ವ, ನೋಡ್ಕೋ ಅಂತ? ಒಂದು ಹನೀನೂ ಬಿಡದಂಗೆ ನೋಡ್ದೆ."

ಇಂಥ ಮಗ. ತಾಯಿ ಅಳಬೇಕೋ ನಗಬೇಕೋ.

ಅವರ ಮಂದೆ ಕಾಯೋ ಹಳೇ ನಾಯಿ ಇತ್ತು. ಒಂದು ಮಧ್ಯಾಹ್ನ ಅದು ಮಲಗಿದ್ದಲ್ಲೇ ತಲೆ ಎತ್ತಿತು. ಗುಡ್ಡದ ಕಡೆ ನೋಡಿತು. ಯಾರೋ ಕರೆದಂಗೆ ಎದ್ದು ಹೋಯಿತು. ಆಮೇಲೆ ಬರಲೇ ಇಲ್ಲ.

ನಾಯಿ ಇಲ್ಲದ ಮಂದೆ ಉಳಿಯುತ್ತಾ? ಓಬಕ್ಕನ ಅಣ್ಣ ಬೋಸಯ್ಯ ಒಂದು ಕರಿ ನಾಯಿಮರಿ ತಂದುಕೊಟ್ಟ. ಅಂಗೈಯಷ್ಟು ಮರಿ, ಸೂಜಿಯಂಥ ಹಲ್ಲು. ಸೀರೆ ಸೆರಗು ಕಚ್ಚಿತು, ಹಿಮ್ಮಡಿ ಕಚ್ಚಿತು, ಕೊನೆಗೆ ಒಂದು ಕುರಿಮರಿಯ ಕಿವಿಗೂ ಬಾಯಿ ಹಾಕಿತು.

ಬೋಸಯ್ಯ ಅದನ್ನ ನೋಡಿದ. "ತಂಗಿ, ಇದು ಆಟಕ್ಕೇ ಕಚ್ಚೋದು. ಆದರೂ ಕುರಿಮರಿ ರಕ್ತದ ರುಚಿ ಹತ್ತಿದರೆ ಮುಗೀತು, ಉಳಿಸೋಕಾಗಲ್ಲ. ಹುಣ್ಣಿಮೆ ದಿನ ಬರ್ತೀನಿ. ಅಷ್ಟರೊಳಗೆ ಕಚ್ಚೋದು ಬಿಡಿಸಿ. ಬಿಡದಿದ್ದರೆ ನಾನೇ ಎತ್ಕೊಂಡು ಹೋಗ್ತೀನಿ."

ಎಲ್ಲಿಗೆ ಅಂತ ಹೇಳಲಿಲ್ಲ. ಪಾಲಯ್ಯನಿಗೂ ಅರ್ಥ ಆಯಿತು. ಮರೀನ ಎದೆಗವಚಿಕೊಂಡು ಅವತ್ತೆಲ್ಲ ಊಟ ಮಾಡಲಿಲ್ಲ.

"ಅಳಬೇಡ" ಅಂದಳು ಓಬಕ್ಕ. "ಇನ್ನು ಕಚ್ಚಿದಾಗ ಜೋರಾಗಿ ಕೂಗು. ಅಯ್ಯೋ ಸತ್ತೆ ಅನ್ನು. ನೋವಾಗುತ್ತೆ ಅಂತ ಅದಕ್ಕೂ ತಿಳೀಲಿ."

"ಹೂಂ ಅವ್ವ. ಕಚ್ಚಿದಾಗ ಅಯ್ಯೋ ಸತ್ತೆ."

ಮಾರನೇ ದಿನ ಕುರಿ ಮೇಯಿಸ್ತಾ ಗುಡ್ಡದ ಬುಡದಲ್ಲಿ ಕೂತ. ಒಂದು ಕಟ್ಟಿರುವೆ ಕಚ್ಚಿತು.

"ಅಯ್ಯೋ ಸತ್ತೇ!"

ಇರುವೆ ಬಿಡಲಿಲ್ಲ. ಇವನೂ ಬಿಡಲಿಲ್ಲ. "ಅಯ್ಯೋ ಸತ್ತೇ! ಅಯ್ಯೋ ಸತ್ತೇ!"

ಗುಡ್ಡ ಮರುದನಿ ಕೊಟ್ಟಿತು. ಸತ್ತೇ... ಸತ್ತೇ... ಹಟ್ಟಿಯೋರು ಕೈಕೆಲಸ ಬಿಟ್ಟು ಓಡಿಬಂದರು.

"ಯಾರು ಸತ್ತದ್ದು?"

"ನಾನು!"

"ಏನು ಕಚ್ಚಿತು? ಹಾವಾ?"

"ಇರುವೆ!"

ಕೆಲವರು ನಕ್ಕರು. ಪಕ್ಕದ ಮನೆ ಮಲ್ಲಕ್ಕ ಮಾತ್ರ ನಗಲಿಲ್ಲ. "ಇವನು ಬಾಯಿ ಮುಚ್ಚಿ ಎಷ್ಟು ಹೊತ್ತಾಯ್ತು. ಗುಡ್ಡ ಇನ್ನೂ ಕೂಗ್ತಾ ಐತೆ, ಕೇಳ್ರಿ" ಅಂದಳು.

ಎಲ್ಲರೂ ಕಿವಿಗೊಟ್ಟರು. ನಗೋರು ನಗು ನಿಲ್ಲಿಸಿದರು. ಕುರಿ ಹೊಡ್ಕೊಂಡು ಬೇಗ ಬೇಗ ಮನೆಗೆ ಬಂದರು.

"ಅಯ್ಯೋ ನನ್ನ ಪೆದ್ದ ಮಗನೇ! ಆ ಮಾತು ಹಂಗೆಲ್ಲ ಕೂಗ್ತಾರಾ?"

"ನೀನೇ ಹೇಳಿದ್ದಲ್ಲವ್ವ?"

"ಇನ್ನು ಕೂಗಬೇಡ. ಕಚ್ಚಿದರೆ ಕಟ್ಟಿಗೆ ಹಂಗೆ ಇದ್ದುಬಿಡು. ಅಲುಗಬೇಡ, ಉಸಿರೂ ಕೇಳಿಸಬಾರದು. ಆಟ ಇಲ್ಲ ಅಂದರೆ ಅದೇ ಬಿಡುತ್ತೆ. ಬಿಡೋಗಂಟ ಹಂಗೇ ಇರು."

"ಹೂಂ ಅವ್ವ. ಬಿಡೋಗಂಟ ಕಟ್ಟಿಗೆ."

ಮಾರನೇ ದಿನ ಓಬಕ್ಕ ಪಕ್ಕದ ಹಟ್ಟಿಗೆ ಹೋಗಿದ್ದಳು. ಇತ್ತ ಅಂಗಳದಲ್ಲಿ ನಾಯಿಮರಿ ಪಾಲಯ್ಯನ ಅಂಗಿ ತೋಳು ಹಿಡೀತು. ಪಾಲಯ್ಯ ದಡಾರನೆ ಬಿದ್ದ. ಕಟ್ಟಿಗೆ ಆದ. ಕಣ್ಣು ಬಿಟ್ಟುಕೊಂಡೇ ಬಿದ್ದ, ಮುಚ್ಚು ಅಂತ ಅವ್ವ ಹೇಳಿರಲಿಲ್ಲವಲ್ಲ! ಮರಿ ಎಳೆದಾಡಿತು, ಜಗ್ಗಾಡಿತು. ಸುಸ್ತಾಯಿತು. ಅಂಗಿ ತೋಳು ಬಾಯಲ್ಲಿ ಕಚ್ಚಿಕೊಂಡೇ ನಿದ್ದೆ ಹೋಯಿತು.

ಬಿಡಲಿಲ್ಲವಲ್ಲ? ಪಾಲಯ್ಯನೂ ಏಳಲಿಲ್ಲ.

ಬಿಸಿಲು ಏರಿತು. ನೊಣ ಬಂದು ಮೂಗಿನ ಮೇಲೆ ಕೂತಿತು. ಮಲ್ಲಕ್ಕ ಬೆಂಕಿ ಕೇಳೋಕೆ ಬಂದವಳು ನೋಡಿದಳು.

"ಪಾಲಯ್ಯ!"

ಮಾತಿಲ್ಲ.

"ಲೋ ಪಾಲಯ್ಯ!"

ಮಾತಿಲ್ಲ. ಉಸಿರಿಲ್ಲ. ಕಣ್ಣು ತೆರೆದೇ ಐತೆ.

"ನಿನ್ನೆ ಕಚ್ಚಿದ್ದು ಇರುವೆ ಅಲ್ಲ ಕಣ್ರಪ್ಪೋ! ಹಾವೇ! ನಂಜು ಇವತ್ತು ಏರೈತೆ!"

ಜನ ಸೇರಿದರು. ಮಣ್ಣು ಮಾಡೋದು ತಡ ಆಗಬಾರದು, ಬಿಸಿಲು ಜಾಸ್ತಿ ಅಂದರು. ನೀರು ಹುಯ್ದರು. ಅರಿಶಿನ ಹಚ್ಚಿದರು. ಕಣಗಿಲೆ ಹೂವು ಹಾಕಿದರು. ನಾಯಿಮರಿ ಒದ್ದೆ ಆಯಿತು, ಕಣ್ಣು ಮುಚ್ಚಿಕೊಂಡೇ ಗುರ್ ಅಂದಿತು, ಬಾಯಿ ಬಿಡಲಿಲ್ಲ. "ಮೂಕಪ್ರಾಣಿ, ಒಡೆಯನ್ನ ಬಿಡಲ್ಲ ಅಂತೈತೆ ನೋಡ್ರಿ" ಅಂತ ಹೆಂಗಸರು ಅತ್ತರು. ಮರಿ ಸಮೇತ ಹೊತ್ತುಕೊಂಡು ಹೊರಟರು.

ಗುಂಡಿ ತೆಗೆದರು. ಆಳೆತ್ತರದ ಗುಂಡಿ. ಅಷ್ಟರಲ್ಲಿ ಸುದ್ದಿ ಕೇಳಿ ಓಬಕ್ಕ ಬಂದಳು. ತಲೆಗೂದಲು ಬಿಚ್ಚಿಹೋಗಿದೆ. ಬಂದವಳೇ ಮಗನ ತಲೆ ಹತ್ತಿರ ಕುಸಿದಳು. ಮುಖ ನೋಡಿದಳು. ಪಾಲಯ್ಯನ ಕಣ್ಣುಗುಡ್ಡೆ ಮೆಲ್ಲಗೆ ತಿರುಗಿತು. ಅವ್ವನನ್ನೇ ನೋಡಿತು.

ಓಬಕ್ಕ ಬೆಚ್ಚಿ ಹಿಂದಕ್ಕೆ ಸರಿದಳು.

ಆಗ ನಾಯಿಮರಿ ಎದ್ದು ಆಕಳಿಸಿತು. ಅಂಗಿ ತೋಳು ಬಾಯಿಂದ ಜಾರಿತು. ಹೂವಿನ ಸಮೇತ ಪಾಲಯ್ಯ ಧಡಕ್ಕನೆ ಎದ್ದು ಕೂತ.

"ಬಿಡ್ತು ಅವ್ವ! ಬಿಟ್ಟೇಬಿಡ್ತು!"

ಬಂದಿದ್ದೋರೆಲ್ಲ ಓಟ! ಕೆರ ಬಿಟ್ಟು ಓಡಿದರು, ಟವೆಲ್ಲು ಬಿಟ್ಟು ಓಡಿದರು. ಮತ್ತೆ ಬಂದದ್ದು ಸಂಜೆಗೆ, ಅದೂ ಗುಂಪಾಗಿ. ತೆಗೆದ ಗುಂಡಿ ಖಾಲಿ ಬಿಡಬಾರದು ಅಂದರು ಹಿರಿಯರು. ಪಾಲಯ್ಯನ ಅಂಗಿ ಕೇಳಿ ಇಸ್ಕೊಂಡು, ಒಂದು ಉದ್ದನೆ ಕಲ್ಲಿಗೆ ತೊಡಿಸಿ, ಅದನ್ನ ಮಣ್ಣು ಮಾಡಿದರು. ಪಾಲಯ್ಯನೂ ಬರಿಮೈಯಲ್ಲಿ ನಿಂತು ಒಂದು ಹಿಡಿ ಮಣ್ಣು ಹಾಕಿದ.

ಅವತ್ತಿಂದ ಹಟ್ಟಿಯೋರು ಅವನು ಬಂದರೆ ಮಾತು ನಿಲ್ಲಿಸೋರು. ಹೋಗೋಗಂಟ ಸುಮ್ಮನೆ ನೋಡೋರು.

"ಅಯ್ಯೋ ನನ್ನ ಪೆದ್ದ ಮಗನೇ! ಹೆಣದಂಗೆ ಬಿದ್ಕೋ ಅಂದಿದ್ನಾ?"

"ಕಟ್ಟಿಗೆ ಅಂದಿದ್ದೆ ಅವ್ವ. ಅವರೇ ಹೆಣ ಅಂದ್ರು."

"ಇನ್ನು ಬಿದ್ಕೋಬೇಡ. ಹಲ್ಲು ತಾಗಿದ ತಕ್ಷಣ ಎದ್ದು ಬೆನ್ನು ತಿರುಗಿಸು. ಅದು ಇಲ್ಲವೇ ಇಲ್ಲ ಅನ್ನೋ ಹಂಗೆ ಇರು. ನೋಡಬೇಡ. ಮಾತಾಡಬೇಡ. ಕರೆದರೂ ಓಗೊಡಬೇಡ."

"ಹೂಂ ಅವ್ವ. ಹಲ್ಲು ತಾಗಿದರೆ ಇಲ್ಲವೇ ಇಲ್ಲ."

ಆ ಸಂಜೇನೇ ಪಾಲಯ್ಯನ ಹಿಮ್ಮಡಿಗೆ ಜಾಲಿಮುಳ್ಳು ಮುರೀತು. ಪಿನ್ನು ಹಾಕಿದರೂ ಬರಲಿಲ್ಲ. ಓಬಕ್ಕ ಕಾಲು ತೊಡೆ ಮೇಲಿಟ್ಟುಕೊಂಡು, ಬಗ್ಗಿ, ಹಲ್ಲಲ್ಲಿ ಹಿಡಿದು ಮುಳ್ಳು ಕಿತ್ತಳು.

ಹಲ್ಲು ತಾಗಿತು.

ಪಾಲಯ್ಯ ಎದ್ದ. ಬೆನ್ನು ತಿರುಗಿಸಿದ.

"ನೋವಾಯ್ತಾ ಮಗಾ?"

ಮಾತಿಲ್ಲ.

"ಪಾಲಯ್ಯ!"

ಮಾತಿಲ್ಲ. ಒಬ್ಬನಿಗೇ ಮುದ್ದೆ ಕಟ್ಟಿಕೊಂಡು ಉಂಡ. ಒಬ್ಬನಿಗೇ ಕಂಬಳಿ ಹಾಸಿಕೊಂಡ. ಬೆಳಗಾಗೆದ್ದು ಅವ್ವ ಎದುರಿಗೆ ನಿಂತರೆ, ಗೋಡೆ ನೋಡೋ ಹಂಗೆ ನೋಡಿ ಆಚೆ ಹೋದ.

ಮಲ್ಲಕ್ಕ ಬೇಲಿ ಆಚೆಯಿಂದ ಕೇಳಿದಳು. "ನಿಮ್ಮವ್ವ ಎಲ್ಲೋ?"

"ಇಲ್ಲ."

"ಇಲ್ಲ ಅಂದ್ರೆ? ಎಲ್ಲಿಗೆ ಹೋದ್ಲು?"

"ಎಲ್ಲಿಗೂ ಹೋಗಿಲ್ಲ. ಇಲ್ಲವೇ ಇಲ್ಲ."

"ಇಲ್ಲೇ ಇದ್ದೀನಲ್ಲೇ ಮಲ್ಲಿ!" ಅಂದಳು ಓಬಕ್ಕ, ಅವನ ಬೆನ್ನ ಹಿಂದಿಂದಲೇ. ಮಲ್ಲಕ್ಕ ಅವಳನ್ನ ನೋಡಿದಳು. ಮಗನ್ನ ನೋಡಿದಳು. ಗುಂಡಿ ಬಾಯಿಂದ ಎದ್ದು ಬಂದೋನ ಮಾತು ನಂಬಬೇಕೋ, ಕಣ್ಣು ನಂಬಬೇಕೋ! ಮೆಲ್ಲಗೆ ಹಿಂದೆ ಹೆಜ್ಜೆ ಇಟ್ಟು ಮನೆ ಸೇರಿ ಅಗಳಿ ಹಾಕಿಕೊಂಡಳು. ಓಬಕ್ಕ ಬಾವಿ ಹತ್ತಿರ ಹೋದರೆ ಹೆಂಗಸರು ಸರಿದು ದಾರಿ ಬಿಟ್ಟರು. ಯಾರೂ ಮಾತಾಡಿಸಲಿಲ್ಲ.

ಒಂದು ದಿನ. ಎರಡು ದಿನ. ಮೂರನೇ ದಿನ ಓಬಕ್ಕ ನೀರಿನ ಹಂಡೆಗೆ ಬಗ್ಗಿ ತನ್ನ ಮುಖ ಹುಡುಕಿದಳು. ಒಳಗೆ ಕತ್ತಲು, ಮುಖ ಸರಿಯಾಗಿ ಕಾಣಲಿಲ್ಲ. ಕೈ ಮೇಲೆ ಕೈ ಇಟ್ಟು ನೋಡಿಕೊಂಡಳು. ತಣ್ಣಗಿತ್ತು. ಆ ದಿನ ಮುಳ್ಳು ಕಿತ್ತದ್ದು ನಿಜವಾ? ಪಕ್ಕದ ಹಟ್ಟಿಯಿಂದ ಬಿಸಿಲಲ್ಲಿ ಎದ್ದು ಬಿದ್ದು ಓಡಿಬಂದೆನಲ್ಲ, ಪೂರ್ತಿ ಬಂದೆನಾ? ದಾರೀಲೇ ಎಲ್ಲೋ ಬಿದ್ದುಹೋದೆನಾ?

ಹಂಗೇ ಕೂತಿದ್ದಳು. ನಾಯಿಮರಿ ಓಡಿಬಂದು ಅವಳ ಕಾಲ್ಬೆರಳು ಕಚ್ಚಿತು. ಸೂಜಿ ಹಲ್ಲು. ರಕ್ತ ಬಂತು.

"ಇದ್ದೀನಿ!" ಅಂದಳು ಓಬಕ್ಕ. ಮರೀನ ಎತ್ತಿ ಮುಖಕ್ಕೆ ಒತ್ತಿಕೊಂಡು ಅತ್ತಳು. "ಕಚ್ಚು ಕಂದಾ, ಇನ್ನೊಂದ್ಸಲ ಕಚ್ಚು. ಇದ್ದೀನಿ ನಾನು."

ಹುಣ್ಣಿಮೆ ದಿನ ಬೆಳಗ್ಗೆ ಬೋಸಯ್ಯ ಬಂದ. ತಂಗಿ ಎಲ್ಲ ಹೇಳಿದಳು. ಬೋಸಯ್ಯ ಪಾಲಯ್ಯನ್ನ ಎದುರು ಕೂರಿಸಿಕೊಂಡು ನಿಧಾನಕ್ಕೆ ಹೇಳಿದ. "ನೋಡಪ್ಪ, ಬೆನ್ನು ತಿರುಗಿಸೋದು ಒಂದು ಗಳಿಗೆ ಅಷ್ಟೆ. ಕಚ್ಚದೆ ಸುಮ್ಮನೆ ನಿಂತಿತು ಅಂದ್ರೆ ಹತ್ತಿರ ಹೋಗಬೇಕು. ತಲೆ ಸವರಬೇಕು. ಜಾಣ ಅನ್ನಬೇಕು. ತಿನ್ನೋಕೆ ಕೊಟ್ಟು ಮನೆಗೆ ಕರ್ಕೊಂಡು ಬರಬೇಕು."

"ಹೂಂ ಮಾವ." ಪಾಲಯ್ಯ ತಿರುಗಿ ನೋಡಿದ. ಅವ್ವ ಸುಮ್ಮನೆ ನಿಂತಿದ್ದಳು. "ಅವ್ವಾ! ಮೂರು ದಿನ ಎಲ್ಲಿದ್ದೆ?" ಅಂತ ಓಡಿಬಂದು ತಲೆ ಸವರಿದ. ಓಬಕ್ಕನಿಗೆ ಬೈಯೋಕೂ ಮನಸ್ಸು ಬರಲಿಲ್ಲ. ಬೋಸಯ್ಯ ಇನ್ನೊಂದು ವಾರ ಕೊಟ್ಟು ಹೋದ.

ಅವತ್ತೇ ಮಟಮಟ ಮಧ್ಯಾಹ್ನ ಪಾಲಯ್ಯ ಗುಡ್ಡದ ಬುಡದಲ್ಲಿ ಬುತ್ತಿ ಬಿಚ್ಚಿದ. ಕುರಿಗಳು ಮೇಯೋದು ನಿಲ್ಲಿಸಿದವು. ಹಕ್ಕಿ ದನಿ ನಿಂತಿತು. ತಲೆ ಎತ್ತಿದರೆ ಹತ್ತು ಮಾರು ದೂರದಲ್ಲಿ ಬೂದಿ ಬಣ್ಣದ್ದು ಒಂದು ನಿಂತಿತ್ತು. ಉದ್ದ ಮೂತಿ. ಹಳದಿ ಕಣ್ಣು.

ನಿಂತೇ ಇತ್ತು. ಕಚ್ಚಲಿಲ್ಲ.

ಪಾಲಯ್ಯ ಹತ್ತಿರ ಹೋದ. ತಲೆ ಸವರಿದ. "ಜಾಣ!" ಅಂದ. ಅರ್ಧ ಮುದ್ದೆ ಕೊಟ್ಟ. ಅದು ಮೂಸಿತು, ತಿನ್ನಲಿಲ್ಲ. ಅವನ ಮುಖವನ್ನೇ ನೋಡಿತು. "ಬಾ, ಮನೆಗೆ ಹೋಗಾನ."

ಬಂತು.

ಓಬಕ್ಕ ಅಂಗಳದಲ್ಲಿ ರಾಗಿ ಕೇರ್ತಾ ಇದ್ದಳು. ಕುರಿಗಳು ಬಂದವು, ಒಂದೂ ಅರಚದೆ ಬಂದವು. ಹಿಂದೆ ಪಾಲಯ್ಯ. ಅವನ ಪಕ್ಕದಲ್ಲಿ ತೋಳ. ನೇರವಾಗಿ ಕುರಿಮರಿ ರೊಪ್ಪದೊಳಗೆ ಹೋದರು ಇಬ್ಬರೂ. ಹನ್ನೆರಡು ಮರಿಗಳೂ ಒಂದೇ ಮೂಲೆಗೆ ಒತ್ತಿಕೊಂಡವು. ತೋಳ ನಡುವೆ ಕೂತಿತು. ಮರಿಗಳ ಕಡೆ ನೋಡಲಿಲ್ಲ. ಓಬಕ್ಕನ್ನೇ ನೋಡಿತು.

ಊರನ್ನೆಲ್ಲ ಕಚ್ಚಿದ ಕರಿ ನಾಯಿಮರಿ ಓಬಕ್ಕನ ಸೀರೆ ಒಳಗೆ ನುಗ್ಗಿ ಬಾಯಿ ಮುಚ್ಚಿಕೊಂಡಿತು. ಅವತ್ತು ಮುಚ್ಚಿದ್ದು, ಅದು ಮತ್ತೆ ಯಾರನ್ನೂ ಕಚ್ಚಲಿಲ್ಲ.

"ಅವ್ವಾ, ಇಡೀ ದಾರಿ ಬಂತು. ಒಂದು ಸಲಾನೂ ಕಚ್ಚಲಿಲ್ಲ!"

ಅಯ್ಯೋ ಅನ್ನೋಕೆ ಹೋದಳು, ಅನ್ನಲಿಲ್ಲ. ಮೊರ ಕೆಳಗಿಟ್ಟಳು. ಮೆಲ್ಲಗೆ, ತುಟಿ ಅಲುಗದಂಗೆ ಹೇಳಿದಳು. "ಒಳ್ಳೇದು ಮಗಾ. ಬಂದೋರನ್ನ ಅವರ ಮನೆಗಂಟ ಬಿಟ್ಟು ಬರಬೇಕು. ಏನಾದ್ರೂ ಕಷ್ಟ ಐತಾ ಅಂತ ಕೇಳಬೇಕು. ಹೋಗು. ನಿಧಾನಕ್ಕೆ ಹೋಗು."

"ಹೂಂ ಅವ್ವ." ಕಂಬಳಿ ಹೆಗಲಿಗೆ ಹಾಕಿಕೊಂಡ. ತೋಳ ಎದ್ದಿತು. ಇಬ್ಬರೂ ಗುಡ್ಡ ಹತ್ತಿ, ಬಂಡೆ ಸಂದೀಲಿ ಮರೆಯಾದರು.

ಓಬಕ್ಕ ಬಾಗಿಲಲ್ಲಿ ಕೂತಳು. ಕಳಿಸಿದ್ದು ತೋಳಾನಾ, ಮಗನ್ನಾ? ಎದೆ ಬಡ್ಕೊಂಡಳು. ಯಾರನ್ನ ಕರೆದರೂ ಹಟ್ಟಿಯೋರು ಬಾಗಿಲು ತೆಗೀಲಿಲ್ಲ. ನೆರಳು ಉದ್ದ ಆಯಿತು. ಹೊತ್ತು ಮುಳುಗೋ ವೇಳೆಗೆ ಗುಡ್ಡದಿಂದ ಒಂದು ಆಕಾರ ಇಳಿದು ಬಂತು. ಪಾಲಯ್ಯನೇ! ಮೈಯೆಲ್ಲ ಗೀರು, ಮುಖದ ತುಂಬ ನಗು, ಹೆಗಲ ಮೇಲೆ ಕಂಬಳಿ ಗಂಟು.

"ಬಂದ್ಯಾ ನನ್ನಪ್ಪಾ! ಬಿಟ್ಟು ಬಂದ್ಯಾ?"

"ಮನೆಗಂಟ ಹೋಗಿದ್ದೆ ಅವ್ವ. ಕಷ್ಟ ಏನು ಅಂತ ಕೇಳ್ದೆ. ಬಾಯಿ ಬಿಟ್ಟು ಹೇಳಲಿಲ್ಲ, ನಾನೇ ನೋಡ್ದೆ. ಪಾಪ, ಅದರ ಕಷ್ಟಾನೂ ನಮ್ಮದೇ."

"ಏನು?"

"ಐದು ಮರಿ ಅವೆ ಅವ್ವ. ಐದೂ ಕಚ್ತವೆ."

ಅಂಗಳದ ನಡುವೆ ಕಂಬಳಿ ಗಂಟು ಬಿಚ್ಚಿದ. ಐದು ತೋಳದ ಮರಿ ಉರುಳಿ ಉರುಳಿ ಹೊರಗೆ ಬಂದವು.

"ಬಿಡಿಸಿಕೊಡ್ತೀವಿ ಅಂತ ಹೇಳಿ ತಂದೆ. ಅವರೂ ಬಂದವರೆ ಅವ್ವ, ಹೆಂಗೆ ಬಿಡಿಸೋದು ಅಂತ ನೋಡ್ಕೊಂಡು ಹೋಗೋಕೆ."

"ಯಾರು ಬಂದವರೆ?"

ಪಾಲಯ್ಯ ಬೇಲಿ ಕಡೆ ಕೈ ತೋರಿಸಿದ. ಮುಳ್ಳುಬೇಲಿಯ ಉದ್ದಕ್ಕೂ, ಈ ಕೊನೆಯಿಂದ ಆ ಕೊನೆಗೆ, ಎರಡೆರಡು ಹಳದಿ ಕಣ್ಣು ಸಾಲಾಗಿ ಕೂತು ಕಾಯ್ತಾ ಇದ್ದವು.

"ಹೇಳವ್ವ, ಮೊದಲು ಏನು ಮಾಡಾನ?"