ಸೊನ್ನೆ ನೀರಿನಲ್ಲಿ ಪ್ರವಾಹ ಕಂಡ ಕಂಪ್ಯೂಟರು

ಹತ್ತಿರ ಬನ್ನಿ ಮಕ್ಕಳೇ, ಗದ್ದಲ ಬೇಡ. ಮೂರು ಹೊಳೆ ಕೂಡುವ ಕಡೆ ಒಂದು ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ಒಂದು ಕಂಪ್ಯೂಟರು. ಮಳೆಗಾಲದಲ್ಲಿ ಮೂರು ಹೊಳೆಗಳ ನೀರಿನ ಮಟ್ಟ ಕೊಟ್ಟರೆ, ಯಾವ ಕೇರಿಗೆ ನೀರು ನುಗ್ಗುತ್ತದೆಂದು ಹೇಳುತ್ತಿತ್ತು. ಪಾಪ, ಅದಕ್ಕೆ ವಯಸ್ಸಾಗಿತ್ತು. ಹೋದ ವರ್ಷ ಉತ್ತರ ಹೇಳಲು ಇಡೀ ಹಗಲು ಹಿಡಿಯಿತು. ಅಷ್ಟರಲ್ಲಿ ಕುಂಬಾರಕೇರಿಗೆ ಸೊಂಟದ ಮಟ್ಟ ನೀರು ಬಂದಿತ್ತು.

ಅದನ್ನು ನೋಡಿಕೊಳ್ಳುತ್ತಿದ್ದವಳು ಪುಟ್ಟತಾಯಮ್ಮ. ಅವಳ ಬಾಣಂತಿ ಮಗಳು ಇದ್ದದ್ದು ಅದೇ ಕೇರಿಯಲ್ಲಿ. ರಾಜ ಅವಳನ್ನು ಕರೆಸಿ, ಎರಡು ಹೊಸ ಕಂಪ್ಯೂಟರು ಬಂದಿವೆ, ಒಂದು ಮಕರಂದನೆಂಬ ವ್ಯಾಪಾರಿಯದು, ಇನ್ನೊಂದು ಪಕ್ಕದೂರಿನ ದೇವೀರಮ್ಮನದು, ಯಾವುದು ಚುರುಕೆಂದು ಮೂರು ದಿನದಲ್ಲಿ ಹೇಳು ಎಂದ. ಮೋಡ ಆಗಲೇ ಕಟ್ಟಿತ್ತು.

ಮೊದಲ ದಿನ ಮಕರಂದನನ್ನು ಕೇಳಿದಳು. ಅವನು ಬಣ್ಣದ ಹಾಳೆ ಕೊಟ್ಟ. ಅದರಲ್ಲಿ ಚುರುಕು ತೋರಿಸುವ ಗೆರೆಗಳು, ಅವನ ಕಂಪ್ಯೂಟರಿನದು ಮಾರುದ್ದ, ದೇವೀರಮ್ಮನದು ಗೇಣುದ್ದ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವನನ್ನು ನಂಬುವುದು ಹೇಗೆಂದು ಎದ್ದು ಬಂದಳು.

ಎರಡನೆಯ ದಿನ ಊರಿಗೆಲ್ಲ ಸುದ್ದಿ ಸಾರುವ ಡಂಗುರದ ಮಲ್ಲಯ್ಯನನ್ನು ಕೇಳಿದಳು. ಅವನು ಅದೇ ಹಾಳೆಯ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಅವನ ಜಗಲಿಯ ಮೇಲೆ ಮಕರಂದ ಉಡುಗೊರೆ ಕೊಟ್ಟ ಕಂಪ್ಯೂಟರು ಮಿರಮಿರ ಮಿಂಚುತ್ತಿತ್ತು.

ಮೂರನೆಯ ದಿನ ಪಾಠಶಾಲೆಯ ಪಂಡಿತರ ಬಳಿ ಹೋದಳು. ಅವರು ಯಾರ ಹಂಗಿನಲ್ಲೂ ಇದ್ದವರಲ್ಲ. ಎಲ್ಲ ಕಂಪ್ಯೂಟರಿಗೂ ಹೋದ ವರ್ಷದ ಪ್ರವಾಹದ ಲೆಕ್ಕವನ್ನೇ ಕೊಟ್ಟು ಪರೀಕ್ಷೆ ಮಾಡುತ್ತಿದ್ದರು. ಆ ಲೆಕ್ಕ, ಉತ್ತರ ಎರಡೂ ಪಾಠಶಾಲೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗಿದ್ದವು. ದೇವೀರಮ್ಮನ ಕಂಪ್ಯೂಟರು ಅರ್ಧ ಗಂಟೆ ತೆಗೆದುಕೊಂಡಿತು. ಮಕರಂದನದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಟ್ಟಿತು. ಪಂಡಿತರು ತಲೆದೂಗಿದರು.

ಪುಟ್ಟತಾಯಮ್ಮನಿಗೆ ಮಾತ್ರ ನಂಬಿಕೆ ಬರಲಿಲ್ಲ. ದೊಡ್ಡ ಲೆಕ್ಕ ಮಾಡಿದ ಕಂಪ್ಯೂಟರು ಬಿಸಿಯಾಗುತ್ತದೆಂದು ಅವಳಿಗೆ ಗೊತ್ತು. ಮಕರಂದನದನ್ನು ಮುಟ್ಟಿ ನೋಡಿದಳು. ತಣ್ಣಗಿತ್ತು.

ಸಂಜೆ ಆಸ್ಥಾನದಲ್ಲಿ ಮಕರಂದ ಮೀಸೆ ತಿರುವುತ್ತಾ ನಿಂತಿದ್ದ.

"ಬುದ್ಧಿ, ಇನ್ನೊಂದೇ ಒಂದು ಲೆಕ್ಕ ಕೊಡ್ತೀನಿ," ಎಂದಳು ಪುಟ್ಟತಾಯಮ್ಮ.

ಪಂಡಿತರೇ ನೋಡಿಯಾಯಿತಲ್ಲ ಎಂದು ಮಕರಂದ ಅಡ್ಡ ಬಂದ. ರಾಜ, ಕೊಡಲಿ ಬಿಡಯ್ಯ ಎಂದ.

ಅವಳು ಅದೇ ಹಳೆಯ ಲೆಕ್ಕ ತೆಗೆದು, ಮೂರು ಹೊಳೆಯಲ್ಲೂ ನೀರು ಸೊನ್ನೆ ಎಂದು ತಿದ್ದಿದಳು. ದೇವೀರಮ್ಮನದು ನಿಧಾನಕ್ಕೆ ಲೆಕ್ಕ ಹಾಕಿ, ಎಲ್ಲೂ ಪ್ರವಾಹವಿಲ್ಲ ಎಂದಿತು. ಮಕರಂದನದು ತಟ್ಟನೆ ಹೇಳಿತು: ಕುಂಬಾರಕೇರಿಗೆ ಸೊಂಟದ ಮಟ್ಟ ನೀರು.

ಆಸ್ಥಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಪುಟ್ಟತಾಯಮ್ಮ ನಗಲಿಲ್ಲ.

"ಇದಕ್ಕೆ ಲೆಕ್ಕ ಬರಲ್ಲ ಬುದ್ಧಿ. ಗೋಡೆ ಮೇಲಿನ ಉತ್ತರ ಬಾಯಿಪಾಠ ಮಾಡ್ಸವ್ರೆ. ಇದನ್ನ ನಂಬ್ಕೊಂಡಿದ್ರೆ ನನ್ ಮೊಮ್ಮಗು ನೀರು ಪಾಲಾಗೋದು."

ರಾಜ ಮಕರಂದನನ್ನು ಗಡಿ ದಾಟಿಸಿದ. ಪಂಡಿತರು ನಾಚಿಕೊಂಡು, ಅಂದಿನಿಂದ ಪ್ರತಿ ಸಲವೂ ಹೊಸ ಲೆಕ್ಕ ಕೊಡತೊಡಗಿದರು. ಎಂಟನೆಯ ದಿನ ಹೊಳೆ ಉಕ್ಕಿತು. ದೇವೀರಮ್ಮನ ಕಂಪ್ಯೂಟರು ಅರ್ಧ ಗಂಟೆಯಲ್ಲಿ ಹೇಳಿತು. ನೀರು ನುಗ್ಗುವಷ್ಟರಲ್ಲಿ ಕುಂಬಾರಕೇರಿಯವರೆಲ್ಲ ಗುಡ್ಡ ಹತ್ತಿದ್ದರು, ಮಗು ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿತ್ತು.

ಅದಕ್ಕೇ ಹೇಳುವುದು ಮಕ್ಕಳೇ. ಯಾವುದು ಚುರುಕೆಂದು ಮಾರುವವನನ್ನು ಕೇಳಬೇಡಿ, ಅವನ ಉಡುಗೊರೆ ಪಡೆದವನನ್ನೂ ಕೇಳಬೇಡಿ. ಯಾರ ಹಂಗೂ ಇಲ್ಲದವರನ್ನು ಕೇಳಿ. ಅವರು ಹೇಳಿದ ಮೇಲೂ, ನಿಮ್ಮ ಕೆಲಸವನ್ನೇ ಕೊಟ್ಟು ಒಂದು ಸಲ ನೋಡಿ.